ಕಾರಣದ ಕಾಲಂ

ಹೊಲಿಗೆ ಕಾರ್ಖಾನೆಯಲ್ಲಿ ನಲವತ್ತು ಹೆಂಗಸರಿಗೆ ಶೌಚಕ್ಕೆ ಹೋಗಲು ಒಂದೇ ರಟ್ಟಿನ ಟೋಕನ್, ಅದೂ ಸೂಪರ್‌ವೈಸರನ ಮೇಜಿನ ಮೇಲೆ. ಐದು ನಿಮಿಷ ದಾಟಿತೋ, ಬೈಗುಳದ ಸುರಿಮಳೆ. ಕಾಲರ್ ಹೊಲಿಯುವ ಅಕ್ಕ ವರ್ಷಗಟ್ಟಲೆ ತಡೆದುಕೊಂಡೇ ದುಡಿದಳು. ಕೊನೆಗೆ ಒಂಬತ್ತು ದಿನ ಏನೂ ಹೋಗದೆ, ಹೊಟ್ಟೆ ನಗಾರಿಯಾಗಿ ಆಸ್ಪತ್ರೆ ಸೇರಿದಳು.

ವಾಪಸು ಬಂದ ದಿನ ಸೂಪರ್‌ವೈಸರ್ ರಜೆ ಅರ್ಜಿ ಮುಂದಿಟ್ಟ. "ಜ್ವರ ಅಂತ ಬರೆದುಬಿಡಮ್ಮಾ, ಮರ್ಯಾದೆಯಾಗಿರುತ್ತೆ."

"ಯಾರ ಮರ್ಯಾದೆ?" ಎಂದವಳೇ ಡಾಕ್ಟರ ಚೀಟಿ ನೋಡಿ ಕಾಯಿಲೆಯ ಹೆಸರು ಬರೆದಳು: ಆಬ್‌ಸ್ಟಿಪೇಶನ್.

"ಹಾಗಂದ್ರೆ?"

"ಹೇಲು ಪೂರ್ತಿ ಕಟ್ಟಿಕೊಳ್ಳೋದು. ಗಾಳಿನೂ ಹೋಗಲ್ಲ!" ಅಕ್ಕನ ದನಿಗೆ ಸಾಲಿನ ಯಂತ್ರಗಳೆಲ್ಲ ನಿಂತವು.

ಅರ್ಜಿಯಲ್ಲಿ ಕಾಯಿಲೆಯ ಹೆಸರಿನ ಕೆಳಗೆ 'ಕಾರಣ' ಎಂಬ ಕಾಲಂ ಇತ್ತು. ಅಲ್ಲಿ ಅವಳು ಏನನ್ನೂ ಬರೆಯಲಿಲ್ಲ. ಮೇಜಿನ ಮೇಲಿದ್ದ ಟೋಕನ್ ಎತ್ತಿ ಆ ಜಾಗದಲ್ಲಿಟ್ಟು, ತನ್ನ ಯಂತ್ರದಡಿ ಹಿಡಿದು, ನಾಲ್ಕೂ ಅಂಚಿಗೆ ಗಟ್ಟಿ ಹೊಲಿಗೆ ಹಾಕಿಬಿಟ್ಟಳು.