ತಾಮ್ರದ ಸುತ್ತಿಗೆಯ ಮೂರು ಪೆಟ್ಟು

ಸ್ಪ್ಯಾನರು ಮೊದಲು ಬಂತು, ಬೈಗುಳ ಆಮೇಲೆ. ಚಿಕ್ಕೋನು ತಲೆ ತಗ್ಗಿಸಿದ್ದರಿಂದ ಬಚಾವಾದ. ಸ್ಪ್ಯಾನರು ಅವನ ಹಿಂದಿನ ಕಿಟಕಿಯ ಗಾಜು ಪುಡಿ ಮಾಡಿ ಬೀದಿಗೆ ಬಿತ್ತು.

"ಯಾವನೋ ನಿಂಗೆ ಇದನ್ನ ಕೊಯ್ಯೋಕೆ ಹೇಳಿದ್ದು?" ಗ್ಯಾರೇಜಿನ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕಣ್ಣು ಕೆಂಡ.

ಬೀದಿಯವರಿಗೆಲ್ಲ ಇವರು ದೊಡ್ಡೋನು, ಚಿಕ್ಕೋನು. ವಯಸ್ಸು ಐವತ್ತಾದರೂ ಚಿಕ್ಕೋನು ಚಿಕ್ಕೋನೇ. ಅವನು ಕೊಯ್ದದ್ದು ಕೆಂಪು ಕಾರಿನ ಸ್ಟೀರಿಂಗ್ ದಂಡವನ್ನು. ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲೆ ಸೂರಿಲ್ಲ. ಅಪ್ಪ ರೇಸಿಗೆ ಓಡಿಸಿದ್ದ, ಆಮೇಲೆ ದೊಡ್ಡೋನು ಓಡಿಸಿದ್ದ. ಅದರ ಸ್ಟೀರಿಂಗ್ ತಿರುಗಿಸುವುದೆಂದರೆ ಕೋಣದ ಕೊಂಬು ಹಿಡಿದು ಬಗ್ಗಿಸಿದ ಹಾಗೆ. ಹನ್ನೊಂದು ವರ್ಷದ ಹಿಂದೆ ಚಿಕ್ಕೋನು ಆ ಕಾರನ್ನು ಬರೀ ಜಾಕಿನ ಮೇಲೆತ್ತಿ, ಅಡಿಗೆ ಸ್ಟ್ಯಾಂಡ್ ಕೊಡದೆ, ಫೋನು ಬಂತೆಂದು ಓಡಿದ್ದ. ಕೆಳಗೆ ಅಣ್ಣ ಮಲಗಿದ್ದ. ಜಾಕು ಜಾರಿತು. ಅವತ್ತಿನಿಂದ ದೊಡ್ಡೋನ ಬಲಗೈ ಭುಜದಿಂದ ಸುಮ್ಮನೆ ನೇತಾಡುತ್ತದೆ, ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು.

ಆ ಗ್ಯಾರೇಜಿನಲ್ಲಿ ಅಪ್ಪ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಯಾರೇ ಏನೇ ಬೆಸೆಯಲಿ, ಕೂರಿಸಲಿ, ಕೊನೆಗೆ ಅದರ ಮೇಲೆ ತಾಮ್ರದ ಸುತ್ತಿಗೆಯಿಂದ ಮೂರು ಪೆಟ್ಟು. ದನಿ ಸರಿಯಿದ್ದರೆ ಕೆಲಸ ಪಾಸು. ಅಪ್ಪನ ನಂತರ ಸುತ್ತಿಗೆ ದೊಡ್ಡೋನದು. ಕೈ ಹೋದ ಮೇಲೆ ಅವನು ತಮ್ಮನ ಕೆಲಸದ ಮೇಲೆ ಒಂದು ಪೆಟ್ಟನ್ನೂ ಹಾಕಿಲ್ಲ. ಬೈದಿದ್ದರೆ ಚಿಕ್ಕೋನು ತಡೆದುಕೊಳ್ಳುತ್ತಿದ್ದ, ನಾಲ್ಕು ಬಿಗಿದಿದ್ದರೆ ಖುಷಿಯೇ ಪಡುತ್ತಿದ್ದ. ತನ್ನ ಕೆಲಸದ ಕಡೆ ತಿರುಗಿಯೂ ನೋಡದ ಆ ಮುಖ ಮಾತ್ರ ಅವನನ್ನು ದಿನಾ ಕೊಲ್ಲುತ್ತಿತ್ತು.

ಅದಕ್ಕೇ, ಅಣ್ಣ ಬೇರೆ ಊರಿಗೆ ಹೋಗಿದ್ದ ಮೂರು ದಿನದಲ್ಲಿ ದಂಡ ಕೊಯ್ದು, ನಡುವೆ ಕರೆಂಟಿನ ಮೋಟಾರು ಬೆಸೆದು ಕೂರಿಸಿದ್ದ. ಸ್ಟೀರಿಂಗನ್ನು ಕೈ ಒಂಚೂರು ತಿರುಗಿಸಿದರೆ ಸಾಕು, ದಂಡದೊಳಗಿನ ಸೆನ್ಸರ್ ಅದನ್ನು ಅರಿತು ಮೋಟಾರಿಗೆ ಹೇಳುತ್ತದೆ, ಮಿಕ್ಕ ಭಾರ ಮೋಟಾರಿನದು. ಒಂಟಿಗೈಯವನೂ ಓಡಿಸಬಹುದು. ಅಣ್ಣ ಮತ್ತೆ ಓಡಿಸಬೇಕು, ಮತ್ತೆ ಸುತ್ತಿಗೆ ಎತ್ತಬೇಕು. ಚಿಕ್ಕೋನಿಗೆ ಬೇಕಿದ್ದದ್ದು ಅಷ್ಟೇ.

"ನಿಂಗೋಸ್ಕರ ಕಣೋ ಅಣ್ಣಾ, ಒಂದೇ ಕೈಲಿ..."

'ಒಂದೇ ಕೈ' ಅನ್ನಬಾರದಿತ್ತು. ಆ ಒಂದೇ ಕೈ ಬಂದು ಚಿಕ್ಕೋನ ಬಾಯಿಗೆ ಅಪ್ಪಳಿಸಿತು. ಹಲ್ಲು ತುಟಿಯೊಳಗೆ ಇಳಿಯಿತು. "ಕೈ ತಿಂದೋನೂ ನೀನೇ, ಈಗ ಕುಂಟನಿಗೆ ಕೋಲು ಕೊಡೋನೂ ನೀನೇ! ಅಪ್ಪನ ಕಾರನ್ನ ಆಟದ ಸಾಮಾನು ಮಾಡಿದ್ಯಲ್ಲೋ ನನ್ಮಗನೇ!"

ಬಯ್ಯುತ್ತಲೇ ದೊಡ್ಡೋನು ಸರಪಳಿ ಎಳೆದುಕೊಂಡು ಬೀಸಿದ. ಅದು ಚಿಕ್ಕೋನ ಪಕ್ಕೆಗೆ ಸುತ್ತಿಕೊಂಡು ಚರ್ಮ ಕಿತ್ತು ವಾಪಸು ಹೋಯಿತು. ಎರಡನೇ ಸಲ ಬೀಸಿದಾಗ ಚಿಕ್ಕೋನಿಗೂ ಪಿತ್ತ ನೆತ್ತಿಗೇರಿತು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಗೂಳಿಯಂತೆ ನುಗ್ಗಿ ಅಣ್ಣನ ಹೊಟ್ಟೆಗೆ ತಲೆಯಿಂದ ಗುದ್ದಿದ. ಇಬ್ಬರೂ ಎಣ್ಣೆಯ ಡಬ್ಬಗಳ ಮೇಲೆ ಬಿದ್ದರು. "ಸಾಯ್ಸಿಬಿಡು! ಅವತ್ತೇ ನನ್ನ ಸಾಯಿಸ್ಬೇಕಿತ್ತು ನೀನು!" ಎಂದು ಕೂಗುತ್ತಾ ಚಿಕ್ಕೋನು ಅಣ್ಣನ ಮುಖಕ್ಕೆ ಗುದ್ದಿದ. ಮೂಗು ಲಟಕ್ ಅಂತು. ದೊಡ್ಡೋನು ಅವನ ಕಿವಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ, ಬಿಡಲೊಲ್ಲ.

ಬಿಡಿಸಿದ್ದು ಅತ್ತಿಗೆ. ಕಾರು ತೊಳೆಯುವ ಪೈಪು ಎತ್ತಿಕೊಂಡು ಬಂದವಳೇ ಇಬ್ಬರ ಮುಖಕ್ಕೂ ನೀರು ಬಿಟ್ಟಳು. ಉಸಿರು ಕಟ್ಟಿ ಅವರು ಬೇರೆಯಾದರು.

"ನಾಯಿಗಳೂ ಇದಕ್ಕಿಂತ ಮರ್ಯಾದೆಯಿಂದ ಕಚ್ಚಾಡ್ತವೆ," ಎಂದಳು ಅತ್ತಿಗೆ. ಆಮೇಲೆ ಗಂಡನ ಕಡೆ ತಿರುಗಿ, "ಪ್ರತಿ ಭಾನುವಾರ ಆ ಕಾರಿನ ಹೊದಿಕೆ ಸರಿಸಿ ಒಳಗೆ ಕೂತು ಅಳ್ತೀಯಲ್ಲ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರಲ್ಲ. ಇವನು ಕೊಯ್ದಿರೋದು ಕಬ್ಬಿಣ. ಬೆಸೆದಿದ್ದಾನೆ ನೋಡು ಹೋಗು."

ದೊಡ್ಡೋನು ಮೂಗಿನ ರಕ್ತ ಒರೆಸಿಕೊಂಡ. ಎದ್ದು ಕಾರಿನೊಳಗೆ ಬಗ್ಗಿ ಬೆಸುಗೆಯ ಮೇಲೆ ಬೆರಳಾಡಿಸಿದ. ಗೋಡೆಯ ಹತ್ತಿರ ಹೋದ. ಮೊಳೆಯಿಂದ ತಾಮ್ರದ ಸುತ್ತಿಗೆ ಇಳಿಸಿದ.

ಮೋಟಾರಿನ ಜೊತೆ ಬಂದಿದ್ದ ಕಾಗದದಲ್ಲಿ ಕೆಂಪಕ್ಷರದಲ್ಲಿತ್ತು: ದಂಡಕ್ಕೆ ಪೆಟ್ಟು ಬೀಳಕೂಡದು, ಸೆನ್ಸರ್ ದಾರಿ ತಪ್ಪುತ್ತದೆ. ಚಿಕ್ಕೋನು ಅದನ್ನು ನಾಲ್ಕು ಸಲ ಓದಿದ್ದ. ಬೇಡ ಅಂತ ಒಂದು ಮಾತು, ಒಂದೇ ಮಾತು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ.

ಠಣ್. ಠಣ್. ಠಣ್.

"ಪರ್ವಾಗಿಲ್ಲ," ಎಂದ ದೊಡ್ಡೋನು. ಚಿಕ್ಕೋನ ಕಣ್ಣು ತುಂಬಿತು, ಥೂ, ಐವತ್ತು ವರ್ಷದ ಗಂಡಸು.

"ಕೀ ಎಲ್ಲೋ? ನಾನು ಕೂರ್ತೀನಿ."

"ಇರು. ಮೊದಲು ನಾನು ನೋಡ್ತೀನಿ." ಅಣ್ಣನನ್ನು ಪಕ್ಕಕ್ಕೆ ತಳ್ಳಿ, ಚಿಕ್ಕೋನು ಹೊರಗೆ ನಿಂತೇ ಬಗ್ಗಿದ. ಆ ಕಾರಿನ ಕೀಲಿ ಸ್ಟೀರಿಂಗಿನ ಹಿಂದೆ. ಅದರ ಕಡ್ಡಿಗಳ ನಡುವೆ ಕೈ ತೂರಿಸಿಯೇ ತಿರುಗಿಸಬೇಕು. ಬಲಗೈ ತೂರಿಸಿದ. ತಿರುಗಿಸಿದ.

ಯಾರೂ ಮುಟ್ಟದೆ ಸ್ಟೀರಿಂಗ್ ಗಿರ್ರನೆ ತಿರುಗಿತು. ಮೊಣಕೈ ಕೆಳಗೆ ಒಣಗಿದ ಕಟ್ಟಿಗೆ ಮುರಿದ ಸದ್ದು. ಮೋಟಾರು ನಿಲ್ಲಲಿಲ್ಲ, ಮುರಿದ ಕೈಯನ್ನು ಇನ್ನೂ ಹಿಂಡಿತು. ಚಿಕ್ಕೋನು ಚೀರಿದ ಚೀರಿಗೆ ಅತ್ತಿಗೆ ಪೈಪು ಬಿಸಾಕಿದಳು. ದೊಡ್ಡೋನು ಮೋಟಾರಿನ ತಂತಿಗಳನ್ನು ಎಡಗೈಗೆ ಸುತ್ತಿ ಬೇರುಸಮೇತ ಕಿತ್ತ. ಕಿಡಿ ಹಾರಿ ಅಂಗೈ ಸುಟ್ಟಿತು. ಚಿಕ್ಕೋನು ಬಿಡಿಸಿಕೊಂಡ ಕೈಯಿಂದ ಬಿಳಿ ಮೂಳೆ ಹೊರಗೆ ಇಣುಕುತ್ತಿತ್ತು.

ಆಂಬುಲೆನ್ಸ್ ಬರಲು ನಲವತ್ತು ನಿಮಿಷವಂತೆ. ಗ್ಯಾರೇಜಿನ ಬೇರೆ ಕಾರುಗಳ ಎಂಜಿನ್ನೆಲ್ಲ ಬಿಚ್ಚಿ ಹಾಕಿತ್ತು. ಕೆಂಪು ಕಾರಿನ ಎಂಜಿನ್ ಮಾತ್ರ ಚಿಕ್ಕೋನು ವಾರಕ್ಕೊಮ್ಮೆ ಓಡಿಸಿ ಜೀವಂತ ಇಟ್ಟಿದ್ದ. ಅತ್ತಿಗೆ ಮುರಿದ ಕೈಗೆ ಬಟ್ಟೆ ಸುತ್ತಿ ಅವನನ್ನು ಸೀಟಿಗೆ ನೂಕಿದಳು.

ಮೋಟಾರಿಲ್ಲದ ಸ್ಟೀರಿಂಗ್, ಅದೇ ಹಳೇ ಕೋಣ. ದೊಡ್ಡೋನ ಸುಟ್ಟ ಎಡಗೈ ಸಾಲಲಿಲ್ಲ. ಚಿಕ್ಕೋನು ಪಕ್ಕದಿಂದ ಬಾಗಿ ತನ್ನ ಎಡಗೈಯನ್ನೂ ಹಾಕಿದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಮೊದಲ ತಿರುವಿನಲ್ಲೇ ಕಸದ ಡಬ್ಬಿ ಹಾರಿತು. "ಎಳಿಯೋ ಮುಂಡೇದೇ, ನನ್ನ ಕಡೆಗೆ!" ಎಂದು ದೊಡ್ಡೋನು ಅರಚಿದ. ಎರಡನೇ ತಿರುವಿನಲ್ಲಿ ಇಬ್ಬರೂ ಒಂದೇ ಕಡೆ ಎಳೆದರು. ಎರಡನೇ ಗೇರಿನಲ್ಲೇ, ರಕ್ತ ಸುರಿಸಿಕೊಂಡು, ಆಸ್ಪತ್ರೆಯ ಗೇಟು ಸೇರಿದರು.

ಎಂಜಿನ್ ಆರಿಸಿ ದೊಡ್ಡೋನು ಏದುಸಿರು ಬಿಟ್ಟ. ಆಮೇಲೆ ಕೇಳಿದ, "ಬಡೀಬಾರದು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಡೀತಿರ್ಲಿಲ್ಲ," ಎಂದ ಚಿಕ್ಕೋನು.