ಖಾಲಿ ಹೊಟ್ಟೆಯ ರಕ್ತ

ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಹುಡುಗಿಯನ್ನು ಅಣ್ಣ ಕರೆಯುತ್ತಿದ್ದದ್ದೇ ತೂತುಗಡಿಗೆ ಎಂದು. ಎಷ್ಟು ಉಂಡರೂ ಅವಳ ಹಸಿವು ಹಿಂಗುತ್ತಿರಲಿಲ್ಲ. "ಇವಳ ಹೊಟ್ಟೆಗೆ ತಳ ಹಾಕೋದನ್ನೇ ದೇವರು ಮರೆತ" ಎಂದು ಅವನು ನಗುತ್ತಿದ್ದ. ಅತ್ತಿಗೆ ನಗುತ್ತಿರಲಿಲ್ಲ. ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಟಣ್ಣನೆ ಮುಚ್ಚುತ್ತಿದ್ದಳು. ಆ ಸದ್ದಿಗೆ ಹುಡುಗಿ ಇದ್ದಲ್ಲೇ ಹಿಡಿಯಷ್ಟಾಗುತ್ತಿದ್ದಳು.

ಕೊನೆಗೆ ಆಸ್ಪತ್ರೆಗೆ ಕರೆದೊಯ್ದವಳೂ ಅತ್ತಿಗೆಯೇ.

"ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಸೇರುತ್ತೆ" ಎಂದಿದ್ದರು ಡಾಕ್ಟರಮ್ಮ. "ಮಿದುಳಿಗೆ ಹೋಗಿ ಹಸಿವು ಅಂತ ಹೇಳೋದು ಅದೇ. ಉಂಡ ಮೇಲೆ ಇಳಿಯುತ್ತೆ. ಮೈ ಬೆಳೆಯೋಕೆ, ಸಕ್ಕರೆ ಹದದಲ್ಲಿರೋಕೂ ಅದು ಬೇಕು. ಕೆಲವರಲ್ಲಿ ಅತಿಯಾಗುತ್ತೆ. ನಾಳೆ ಬೆಳಿಗ್ಗೆ ಏನೂ ತಿನ್ನದೆ ಬಾ, ರಕ್ತ ನೋಡೋಣ."

ಅತಿಯಾಗಿಯೇ ಇರಲಿ ಎಂದು ಹುಡುಗಿ ಹಾರೈಸಿಕೊಂಡಳು. ರೋಗವೆಂದಾದರೆ ಆಸೆಬುರುಕಿ ಅನ್ನಿಸಿಕೊಳ್ಳುವುದಾದರೂ ತಪ್ಪುತ್ತದೆ.

ಮರುದಿನ ಸರದಿ ಬರುವುದು ತಡವಾಯಿತು. ಹಸಿವು ತಡೆಯಲಾಗಲಿಲ್ಲ. ಅವಳು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿದಳು. ಕಟಕಟ ಸದ್ದು ಹೊರಗೆ ಕೇಳದಿರಲೆಂದು ನಲ್ಲಿ ಬಿಟ್ಟು, ಚೀಲದಲ್ಲಿದ್ದ ಬಿಸ್ಕೆಟ್ಟುಗಳನ್ನೆಲ್ಲ ತಿಂದಳು. ಬಾಯೊರೆಸಿಕೊಂಡು ಬಂದು, ಸ್ವಲ್ಪ ಹೊತ್ತಿಗೆ ಕೈಚಾಚಿ ರಕ್ತ ಕೊಟ್ಟಳು.

ಬೆಂಚಿನ ಮೇಲೆ ಅತ್ತಿಗೆಯ ಮುಖ ಬಾಡಿತ್ತು.

"ನೀವು ತಿಂದು ಬಂದಿಲ್ವಾ ಅತ್ತಿಗೆ?"

"ನೀನು ಉಪವಾಸ ಕೂತಿರೋವಾಗ ನನಗೆಲ್ಲಿ ಇಳಿಯುತ್ತೆ? ಜಾಸ್ತಿ ಅಂತ ಬರಲಿ, ನಿಮ್ಮಣ್ಣನ ಬಾಯಿಗೆ ನಾನೇ ಬೀಗ ಹಾಕ್ತೀನಿ."

ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಉಂಡ ಮೇಲೆ ಇಳಿಯುತ್ತೆ ಎಂದಿದ್ದರಲ್ಲ. ಈಗ ಎಲ್ಲ ಸರಿಯಾಗಿದೆ ಎಂದೇ ಬರಬಹುದು. ರೋಗವಿಲ್ಲ, ಬರೀ ಆಸೆ. ಅತ್ತಿಗೆಯೂ ಅದನ್ನೇ ನಂಬುತ್ತಾಳೆ.

"ತಿಂದ್ಬಿಟ್ಟೆ" ಎಂದಳು, ನೆಲ ನೋಡುತ್ತ.

"ಯಾವಾಗ?"

"ಈಗಲೇ. ಟಾಯ್ಲೆಟ್ಟಲ್ಲಿ."

"ಟಾಯ್ಲೆಟ್ಟಲ್ಲಾ?" ಅತ್ತಿಗೆಯ ದನಿ ಅಲ್ಲೇ ಇಂಗಿತು. ಬೈಗುಳವನ್ನಾದರೂ ಹುಡುಗಿ ತಡೆದುಕೊಳ್ಳುತ್ತಿದ್ದಳು. "ಹೋಗು, ನೀನೇ ಹೇಳು ಅವರಿಗೆ."

ಕಿಟಕಿಯ ಹಿಂದಿದ್ದ ಲ್ಯಾಬಿನವನು ತಲೆ ಎತ್ತಲಿಲ್ಲ. "ಸ್ವಲ್ಪ ಜೋರಾಗಿ ಹೇಳಮ್ಮ."

"ನಾನು ತಿಂದ್ಕೊಂಡು ರಕ್ತ ಕೊಟ್ಟೆ."

ಬೆಂಚಿನವರೆಲ್ಲ ತಿರುಗಿದರು. ಯಾರೋ ಕಿಸಕ್ಕೆಂದರು. ಅವನು ಅವಳ ರಕ್ತದ ಟ್ಯೂಬನ್ನು ಹುಡುಕಿ ಕೆಂಪು ಡಬ್ಬಿಗೆ ಎಸೆದ. "ನಾಳೆ ಬಾ. ಮೊದಲನೇ ಸರದಿ ನಿಂದೇ. ಈ ಸಲ ಹೊಟ್ಟೆನೂ ಜೊತೇಲಿ ಕರ್ಕೊಂಡು ಬಾ, ಖಾಲಿಯಾಗಿ."

ಅತ್ತಿಗೆ ಮುಂದೆ ನಡೆದಳು. ಕ್ಯಾಂಟೀನಿನ ಮುಂದೆ ನಿಂತು, "ನಂಗಂತೂ ಹಸಿವು. ನಿಂಗೆ?" ಎಂದಳು.

ಇಲ್ಲ ಎನ್ನಬೇಕೆಂದು ಹುಡುಗಿ ಬಾಯಿ ತೆರೆದಳು. ಆದರೆ ಅಷ್ಟು ನಾಚಿಕೆಯ ಅಡಿಯಲ್ಲೂ ಹಸಿವು ಮಿಸುಕಾಡದೆ ಕೂತಿತ್ತು. ಹೌದೆಂದು ತಲೆಯಾಡಿಸಿದಳು.

ಅತ್ತಿಗೆ ಎರಡು ತಟ್ಟೆ ಹೇಳಿದಳು.