ಗಾಳಿ ತಟ್ಟುವ ಕೈ

ಕೆಮ್ಮಿತು—ಇಲ್ಲ, ಮತ್ತೆ ಸುಮ್ಮನಾಯಿತು, ಶೆಡ್ಡಿನ ಬಾಗಿಲಿಂದ ಒಂದು ಉಂಡೆ ಕಪ್ಪು ಹೊಗೆ ಎದ್ದು ಲಾರಿಯ ಕನ್ನಡಿಯಲ್ಲಿ ಕರಗಿಹೋಯಿತು, ಅಷ್ಟೇ, ಪಕ್ಕದಲ್ಲಿ ಕೂತ ಅಕ್ಕ ಕತ್ತು ಕೂಡ ತಿರುಗಿಸಲಿಲ್ಲ, ಒಳಗೆ ಕೆಮ್ಮಿದ್ದು ಅವಳದೇ ಕಂಬೈನ್, ಎಷ್ಟು ಸುಗ್ಗಿ ಅದರ ಮೇಲೆ ಕೂತು ಗೋಧಿ ಕೊಯ್ದವಳು, ಈಗ ಅವಳ ಮಗಳು ಅದರೊಂದಿಗೆ ಗುದ್ದಾಡುತ್ತಿದ್ದಾಳೆ, ಊರವರ ಹಲ್ಲು ಕೀಳುವ ಡಾಕ್ಟರಮ್ಮ, ಕೈ ಮಸಿಯಾದ್ರೆ ಆಗ್ಲಿ ಬಿಡು ಚಿಕ್ಕಮ್ಮ, ನೀನು ಅಮ್ಮನ್ನ ಕೂರಿಸ್ಕೊಂಡು ಲಾರಿ ಮುಂದೆ ಬಿಡು, ನಾನು ಹಿಂದೆ ಬರ್ತೀನಿ ಅಂದಳು, ಒಳ್ಳೆ ಹುಡುಗಿ. ಗೇಟಿನ ಹತ್ತಿರ ಇಬ್ಬರು ಕಾಯುತ್ತಿದ್ದಾರೆ, ಒಬ್ಬ ಹಳೇ ಯಂತ್ರಗಳನ್ನು ಕೂಡಿಟ್ಟು ಜನಕ್ಕೆ ತೋರಿಸುವ ಗಡ್ಡದವನು, ಇನ್ನೊಬ್ಬ ಗ್ಯಾಸ್ ಕಟರ್ ಹೊತ್ತು ತಂದ ಗುಜರಿಯವನು, ತಾನಾಗೇ ರಸ್ತೆವರೆಗೆ ಬಂದ್ರೆ ಇಡಿಯಾಗಿ ಒಯ್ತೀನಿ, ಇಲ್ಲಾಂದ್ರೆ ಈ ಗುಜರಿಯವರಿಗೇ ಬಿಟ್ಟಿದ್ದು ಅಂತ ಗಡ್ಡದವನು ಹೇಳಿಯಾಗಿದೆ, ಗುಜರಿಯವನು ನನ್ನ ಲಾರಿಯ ಮೇಲೂ ಒಂದು ಕಣ್ಣು ಹಾಕಿದ, ಹಾಕಲಿ, ಅವನ ಕಣ್ಣೇ ನೋಯುತ್ತದೆ.

ಆಗಿನ ಗಾಡಿಗಳಿಗೆ ಮುಖ ಇತ್ತು, ಯಾರು ಏನೇ ಅನ್ನಲಿ, ಈ ಲಾರಿಯದು ಉದ್ದ ಮೂಗು, ಎರಡು ದುಂಡು ದೀಪ, ಗಿಯರ್ ಕೋಲು ಅಜ್ಜನ ಊರುಗೋಲಿನಷ್ಟು, ಕ್ಲಚ್ಚು ಎರಡು ಸಲ ತುಳಿಯದೆ ಬೀಳುವುದಿಲ್ಲ, ಬಲವಂತ ಮಾಡಿದರೆ ಹಲ್ಲು ಕಡಿಯುತ್ತದೆ, ಹಿಂದಿನ ಮರದ ಹಲಗೆಗಳ ಸಂದಿಯಲ್ಲಿ ಇನ್ನೂ ಹಳೇ ಕಾಳು ಸಿಗುತ್ತದೆ—ಕಂಬೈನ್ ಅಂತೂ ಕೇಳಲೇ ಬೇಡಿ, ಕುಂಬಳದ ಬಣ್ಣ, ತಲೆ ಮೇಲೆ ಕ್ಯಾನ್ವಾಸ್ ಕೊಡೆ ಒಂದೇ, ಮುಂದೆ ತಿರುಗುವ ರಾಟೆ ತೆನೆಗಳನ್ನು ಊಟಕ್ಕೆ ಕರೆದಂತೆ ಒಳಗೆ ಕರೆದುಕೊಳ್ಳುತ್ತಿತ್ತು, ಹಿಂದೆ ಹುಲ್ಲು, ಹೊಟ್ಟು, ಧೂಳು, ಆ ಧೂಳಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಅಕ್ಕ, ಎಷ್ಟು ಚೆಂದ ಇದ್ದಳು. ನಿಂತು ಕಾಳು ಸುರಿಯೋದು ಸೋಮಾರಿಗಳ ಕೆಲಸ ಕಣೇ ಅನ್ನುತ್ತಿದ್ದಳು, ಹಾಗಾಗಿ ಅವಳು ಕೊಯ್ಯುತ್ತಿರುವಾಗಲೇ ನಾನು ಎಡಕ್ಕೆ ಲಾರಿ ತಂದು ಕಾಳು ಸುರಿಯುವ ಕೊಳವೆಯ ಕೆಳಗೆ ಅವಳ ಸಮಕ್ಕೆ ಓಡಿಸಬೇಕು, ಒಂದು ಮಾರು ತಪ್ಪಿದರೆ ಗೋಧಿ ಮಣ್ಣುಪಾಲು, ಆ ಗದ್ದಲದಲ್ಲಿ ಮಾತೆಲ್ಲಿ ಕೇಳಬೇಕು, ಅವಳ ಬಲಗೈ ಸ್ಟೇರಿಂಗಿಗೆ, ಎಡಗೈ ನನಗೆ, ಮುಂದಕ್ಕೆ ಬೀಸಿದರೆ ಬೇಗ, ಮುಷ್ಟಿ ಕಟ್ಟಿದರೆ ನಿಲ್ಲು, ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ತಟ್ಟಿದರೆ ನಿಧಾನ, ನಾನು ದಾರಿ ನೋಡಿದ್ದೇ ಇಲ್ಲ, ಕೈ ನೋಡಿಕೊಂಡೇ ಹೊಲ ದಾಟಿದವಳು. ಒಮ್ಮೆ ಆ ಕೈ ಬೀಸಿತು, ತಟ್ಟಿತು, ಮುಷ್ಟಿ ಕಟ್ಟಿತು, ಬ್ರೇಕ್ ಒತ್ತಿದೆ, ಗೋಧಿಯೆಲ್ಲ ಬಾನೆಟ್ ಮೇಲೆ—ಜೇನುಹುಳ ಓಡಿಸ್ತಿದ್ದೆ ಕಣೇ ಮಂಗ, ನೀನ್ಯಾಕೆ ನಿಂತೆ, ಬಿದ್ದು ಬಿದ್ದು ನಕ್ಕಳು, ಈಗಲೂ ಪೇಟೆಯಲ್ಲಿ ಯಾರೋ ಯಾರಿಗೋ ಕೈ ಬೀಸಿದರೆ ನನ್ನ ಕಾಲು ಬ್ರೇಕ್ ಹುಡುಕುತ್ತದೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಆ ಕೈ ಸುಮ್ಮನೆ ಬಿದ್ದಿತ್ತು, ಲಕ್ವ ಹೊಡೆದದ್ದು ಬಲಭಾಗಕ್ಕೆ, ಮಾತಿಗೆ, ಎಡಗೈಗೆ ಏನೂ ಆಗಿಲ್ಲ ಅಂದರು ಡಾಕ್ಟರು, ಆದರೂ ಅದು ಎದ್ದಿಲ್ಲ, ತಿನ್ನಿಸಿದರೆ ತಿನ್ನುತ್ತಾಳೆ, ಕರೆದರೆ ನೋಡುತ್ತಾಳೆ, ತಾನಾಗಿ ಏನೂ ಬೇಕಿಲ್ಲ, ಯಂತ್ರ ಹೋದರೆ ಹೋಗಲಿ, ಇವಳಿಗೆ ಏನಾದರೂ ಬೇಕು ಅನ್ನಿಸಲಿ ದೇವರೇ, ಅಂದಿನಿಂದ ಎಷ್ಟು ವೇಗದಲ್ಲಿ ಬದುಕಬೇಕು ಅಂತ ನನಗೇ ಗೊತ್ತಾಗುತ್ತಿಲ್ಲ.

ಹಿಡಿಯಿತು—ಹಿಡಿಯಿತು, ಕಂಬೈನಿನ ಆ ಗುಡುಗುಡು, ಸೀಟಿನ ಅಡಿಯಿಂದ ಬೆನ್ನಿಗೆ ಹತ್ತುತ್ತಿದೆ, ಹುಡುಗಿ ಕೂಗುತ್ತಿದ್ದಾಳೆ ಹೋಗು ಚಿಕ್ಕಮ್ಮ ಹೋಗು, ಎರಡು ಸಲ ಕ್ಲಚ್ಚು, ಗಿಯರ್ ಬಿತ್ತು, ಲಾರಿ ಹೊರಟಿತು, ಹಿಂದೆ ಕುಂಬಳದ ಬಣ್ಣ ಬಿಸಿಲಿಗೆ ಬಂತು, ಅಯ್ಯೋ ಎಷ್ಟು ದೊಡ್ಡದು, ನನ್ನ ರಾಣಿ, ಗುಜರಿಯವನು ಪಕ್ಕಕ್ಕೆ ಸರಿದ, ಸರಿಯಲೇಬೇಕು—ಆದರೆ ಹುಡುಗಿ ಜೋರಾಗಿ ಬರುತ್ತಿದ್ದಾಳೆ, ಕಂಬೈನ್ ಹಿಂದಿನ ಗಾಲಿಯಿಂದ ತಿರುಗುವುದು, ಗೇಟಿನ ಕಂಬಕ್ಕೆ ಬಾಲ ಬಡಿಯುತ್ತದೆ, ಕಾರು ಓಡಿಸಿದವಳಿಗೆ ಅದೆಲ್ಲಿ ಗೊತ್ತು, ಹೇಳೋಣವೆಂದರೆ ಈ ಗದ್ದಲದಲ್ಲಿ ಮಾತೆಲ್ಲಿ ಕೇಳಬೇಕು, ಎಡಗಡೆ ಕನ್ನಡಿ ನೋಡಿದೆ, ಕಂಬೈನ್ ಕಾಣಲಿಲ್ಲ, ಏನೋ ಅಡ್ಡ ಬಂದಿತ್ತು, ಕಿಟಕಿಯಿಂದ ಹೊರಗೆ, ತೆಳ್ಳಗೆ, ಸುಕ್ಕುಸುಕ್ಕು, ಅಂಗೈ ಕೆಳಗೆ, ಗಾಳಿಯನ್ನು ಒಂದು ಸಲ, ಇನ್ನೊಂದು ಸಲ—ಜೇನುಹುಳ ಎಲ್ಲೂ ಇಲ್ಲ—ಹಿಂದೆ ಗುಡುಗುಡು ತಗ್ಗಿತು, ನನ್ನ ಕಾಲೂ ತಾನಾಗಿಯೇ ಬ್ರೇಕಿನ ಮೇಲೆ, ಕನ್ನಡಿಯ ತುಂಬ ಆ ಕೈ.